ದಪ್ಪ ಬೆಸುಗೆ

ನಮ್ಮದು ಬಂಕಾಪುರದಲ್ಲಿ ಪಾತ್ರೆ ಬೆಸೆಯುವ ಮನೆತನ. ಕೊಡ ಸೋರುತ್ತದೆಂದು ಯಾರಾದರೂ ತಂದರೆ ಅಪ್ಪ ತೂತಿನ ಸುತ್ತ ಎರಡು ಬೆರಳಗಲ ಸೀಸ ಸುರಿದೇ ಬೆಸೆಯುತ್ತಿದ್ದ. "ಕೈ ಬಿಗಿ ಹಿಡಿಬ್ಯಾಡ. ಅದ ಹೆಣ್ಮಗಳು ಅದ ಕೊಡಾ ತಗೊಂಡು ಮತ್ತ ಬಂದ್ಲಂದ್ರ ನಮ್ಮ ಮಾನ ಹೋತು" ಎನ್ನುತ್ತಿದ್ದ. ಆ ಪಾಠ ಕಲಿತ ಕೈಯಿಂದಲೇ ನಾನು ಶಿಗ್ಗಾಂವಿಯ ಹೆದ್ದಾರಿ ಪಕ್ಕ ಮೋಟರ್ ರಿಪೇರಿ ಶೆಡ್ಡು ಹಾಕಿದೆ. ಐವತ್ತರ ದಶಕದ ಕೊನೆಯ ವರ್ಷಗಳು. ನನಗೆ ಇಪ್ಪತ್ತೆಂಟು. ಗೊತ್ತಿದ್ದದ್ದು ಕಡಿಮೆ, ಮಾತು ಜಾಸ್ತಿ.

ಸವಣೂರಿನ ಎಲೆ ವ್ಯಾಪಾರಿಯೊಬ್ಬರ ಹತ್ತಿರ ಒಂದು ಹಳೇ ಪಿಕಪ್ ಇತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿನಲ್ಲಿ ಬಂದದ್ದು. ವೀಳ್ಯದೆಲೆಯ ಪೆಂಡಿಗಳನ್ನು ಹೇರಿಕೊಂಡು ಹಾನಗಲ್ಲು, ಹಿರೇಕೆರೂರಿನ ಸಂತೆಗಳಿಗೆ ಹೋಗುತ್ತಿತ್ತು. ಅದನ್ನು ಓಡಿಸುತ್ತಿದ್ದವರು ಹತ್ತಿಮತ್ತೂರಿನ ಒಬ್ಬ ಚಾಚಾ. ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ಗಾಡಿ ಏರುವ ಮೊದಲು ಕೈ ತೊಳೆದು, ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಜಿಡ್ಡಿನ ಕೈಯಲ್ಲಿ ನಾನು ಅದನ್ನು ಹಿಡಿದರೆ ಬೈಯುತ್ತಿರಲಿಲ್ಲ, ಹೆಗಲ ಮೇಲಿನ ಅರಿವೆ ತೆಗೆದು ಮುಂದೆ ಹಿಡಿಯುತ್ತಿದ್ದರು.

ಒಂದು ಬೇಸಿಗೆ ಆ ಗಾಡಿಯ ಕಾರ್ಬೊರೇಟರ್‌ನಿಂದ ಪೆಟ್ರೋಲ್ ಉಕ್ಕಿ ಹರಿಯತೊಡಗಿತು. ಬಿಚ್ಚಿದೆ. ಒಳಗೆ ಪೆಟ್ರೋಲಿನ ಮೇಲೆ ತೇಲುವ ಹಿತ್ತಾಳೆಯ ಟೊಳ್ಳು ಡಬ್ಬಿಯೊಂದಿರುತ್ತದೆ, ಫ್ಲೋಟು ಅನ್ನುತ್ತೇವೆ. ಪೆಟ್ರೋಲ್ ಏರಿದಂತೆ ಅದು ಮೇಲೆದ್ದು ಒಂದು ಸೂಜಿಯನ್ನು ಒತ್ತಿ ದಾರಿ ಮುಚ್ಚಬೇಕು. ಈ ಫ್ಲೋಟಿಗೆ ಕೂದಲೆಳೆಯಷ್ಟು ಸೀಳು ಬಿದ್ದು ಒಳಗೆ ಪೆಟ್ರೋಲ್ ಹೊಕ್ಕಿತ್ತು. ಬೆಸುಗೆಯೆಂದರೆ ನನಗೆ ಎಡಗೈ ಕೆಲಸ. ಒಳಗಿನದನ್ನು ಒಣಗಿಸಿ, ಅಪ್ಪನ ಹಾಗೆ ಧಾರಾಳವಾಗಿ ಬೆಸೆದೆ. ಬೋಗುಣಿಯ ನೀರಲ್ಲಿ ಅದುಮಿ ಹಿಡಿದರೆ ಒಂದು ಗುಳ್ಳೆ ಏಳಲಿಲ್ಲ. "ನೋಡ್ರಿ ಚಾಚಾ, ಗಾಡಿ ಮುರದ್ರೂ ಇದು ಮುರಿಯೂದಿಲ್ಲ" ಎಂದೆ.

ವಾರದೊಳಗೆ ಮತ್ತೆ ಉಕ್ಕಿತು. ಸೂಜಿ ತೆಗೆದು ಕಸ ಊದಿದೆ, ಅದು ಕೂಡುವ ಜಾಗ ಉಜ್ಜಿದೆ, ಟ್ಯಾಂಕು ತೊಳೆದೆ. ಫ್ಲೋಟನ್ನು ಮಾತ್ರ ನೋಡಲಿಲ್ಲ. ನನ್ನ ಬೆಸುಗೆಯ ಮೇಲೆ ನನಗೇ ಅನುಮಾನ ಬರುವುದೆಂದರೇನು! ಮೂರನೇ ಸಲ ಗಾಡಿ ಹಿರೇಕೆರೂರಿನ ಹಾದಿಯಲ್ಲಿ ಉರಿಬಿಸಿಲಲ್ಲಿ ನಿಂತು, ಹೇರಿದ್ದ ಎಲೆಯೆಲ್ಲ ಬೆಂದು ಕಪ್ಪಾಯಿತು.

ಮರುದಿನ ವ್ಯಾಪಾರಿ ಚಾಚಾರನ್ನು ಕರೆದುಕೊಂಡು ಗಾಡಿಸಮೇತ ಶೆಡ್ಡಿಗೇ ಬಂದರು. "ಏನಾಗೇತಿ ಇದಕ್ಕ, ಒಂದ ಮಾತ್ನ್ಯಾಗ ಹೇಳು ಮಿಸ್ತ್ರಿ."

ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಪಕ್ಕದ ಚಹಾದಂಗಡಿಯ ಮುಂದೆ ಕೂತವರೆಲ್ಲ ನನ್ನ ಮೋರೆ ನೋಡುತ್ತಿದ್ದರು. "ಗಾಡಿದೇನ್ ತಪ್ಪಿಲ್ರಿ. ಚಾಚಾ ಚೋಕ್ ಎಳದ ಇಟ್ಟು ಓಡಸ್ತಾರ. ಪೆಟ್ರೋಲ್ ಉಕ್ಕದ ಏನ್ ಮಾಡ್ತೈತಿ?" ಎಂದೆ. ಚೋಕ್ ಅಂದರೆ ತಣ್ಣಗಿರುವ ಎಂಜಿನ್ ಹೊತ್ತಿಸಲು ಎಳೆಯುವ ಗುಂಡಿ; ಅದನ್ನು ಎಳೆದು ಓಡಿಸಿದರೆ ಕಪ್ಪು ಹೊಗೆ ಬರುತ್ತದೆ, ಹೀಗೆ ಹರಿಯುವುದಿಲ್ಲ. ಅದು ನನಗೆ ಗೊತ್ತಿತ್ತು. ಅಲ್ಲಿದ್ದವರಿಗೆ ಗೊತ್ತಿರಲಿಲ್ಲ.

ಚಾಚಾ ಜಗಳವಾಡಲಿಲ್ಲ. ಹೋಗಿ ಕೈ ತೊಳೆದು ಬಂದು, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು, "ಇದನ್ನ ಮುಟ್ಟಿ ಹೇಳ್ತೇನ್ರಿ ಸಾವ್ಕಾರ್ರ. ಒಂದ ದಿನಾನೂ ಹಂಗ ಓಡ್ಸಿಲ್ಲ" ಎಂದರು. ಅಲ್ಲಿಗೆ ನಾನು ಬಾಯಿ ಮುಚ್ಚಬೇಕಿತ್ತು. "ಆಣಿ ಮಾಡಿದ್ರ ಕಾರ್ಬೊರೇಟರ್ ಕೇಳ್ತೈತೇನ್ರಿ ಚಾಚಾ?" ಎಂದೆ. ನಾಲ್ಕು ಜನ ನಕ್ಕರು. ವ್ಯಾಪಾರಿ ಕೀಲಿ ಇಸಿದುಕೊಂಡರು. ಚಾಚಾ ಸೀಟಿನ ಹಿಂದಿದ್ದ ಬುತ್ತಿಗಂಟು ತೆಗೆದುಕೊಂಡು ಸವಣೂರಿನ ಹಾದಿ ಹಿಡಿದು ನಡೆದರು.

ಹೊಸ ಡ್ರೈವರ್ ಬಂದ ನಾಲ್ಕನೇ ದಿನ ಅದೇ ಗಾಡಿ, ಅದೇ ಪೆಟ್ರೋಲ್ ವಾಸನೆ. ಅವನು ಚಹಾ ಕುಡಿಯಲು ಹೋದಾಗ ಫ್ಲೋಟು ತೆಗೆದು ಅಂಗೈ ಮೇಲಿಟ್ಟೆ. ಗುಜರಿಯಲ್ಲಿದ್ದ ಅಂಥದ್ದೇ ಒಂದನ್ನು ಇನ್ನೊಂದು ಅಂಗೈ ಮೇಲಿಟ್ಟೆ. ನಾನು ಬೆಸೆದದ್ದಿದ್ದ ಕೈ ಕೆಳಗೆ ಜಗ್ಗಿತು. ನೀರು ಹೊರುವ ಕೊಡಕ್ಕೆ ಹಾಕುವಷ್ಟು ಸೀಸವನ್ನು ತೇಲಬೇಕಾದ ಡಬ್ಬಿಗೆ ಹಾಕಿದ್ದೆ. ಆ ಭಾರಕ್ಕೆ ಅದು ಪೂರ್ತಿ ಮೇಲೇಳುತ್ತಿರಲಿಲ್ಲ, ಇನ್ನು ಸೂಜಿಯ ದಾರಿ ಮುಚ್ಚುವುದೆಲ್ಲಿ ಬಂತು? ಅರದಿಂದ ಬೆಸುಗೆಯನ್ನು ತೆಳ್ಳಗೆ ತೇಯ್ದೆ, ಉದುರಿದ ಪುಡಿಯನ್ನು ಕಾಲಿನಿಂದ ಮಣ್ಣಿಗೆ ಸೇರಿಸಿದೆ. ಆಮೇಲೆ ಒಂದು ಹನಿ ಉಕ್ಕಲಿಲ್ಲ.

"ಡ್ರೈವರ್ ಬದಲಾದ ಕೂಡ್ಲೆ ಗಾಡಿ ನೆಟ್ಟಗಾತು ನೋಡು" ಎಂದರು ವ್ಯಾಪಾರಿ. ಹೌದ್ರಿ ಎಂದೆ. ಹಾಗೆ ಅಂದದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಎರಡು ತಿಂಗಳು ತಡೆದು, ಹೇಳಿಬಿಡುವುದೇ ಸೈ ಎಂದುಕೊಂಡು ಹತ್ತಿಮತ್ತೂರಿಗೆ ಹೋದೆ. ಚಾಚಾ ಯಾರದೋ ತೋಟದಲ್ಲಿ ಎಲೆಯ ಪೆಂಡಿ ಕಟ್ಟುತ್ತಿದ್ದರು. "ಬರ್ರಿ ಮಿಸ್ತ್ರಿ, ಕುಂಡ್ರಿ" ಎಂದು ಜಾಗ ಮಾಡಿಕೊಟ್ಟರು. ಒಂದು ಎಳೆಯ ಎಲೆ ಆರಿಸಿ, ಹೆಗಲ ಮೇಲಿನ ಅದೇ ಅರಿವೆಯಿಂದ ಒರೆಸಿ, ಸುಣ್ಣ ಹಚ್ಚಿ ಕೊಟ್ಟರು. ನಾನು ಬಾಯಿಗೆ ಹಾಕಿಕೊಂಡೆ.

"ಗಾಡಿ ಹೆಂಗೈತ್ರಿ? ಉಕ್ಕೂದು ನಿಂತೈತೇನು?"

"ನಿಂತೈತ್ರಿ."

ಅವರು ಕೈಯಲ್ಲಿದ್ದ ಪೆಂಡಿ ಕೆಳಗಿಟ್ಟು ತಮ್ಮ ಎರಡೂ ಅಂಗೈ ನೋಡಿಕೊಂಡರು. "ಹಂಗಾರ ತಪ್ಪು ನಂದ ಇರಬೇಕು. ನನಗ ಗೊತ್ತಾಗದಂಗ ಚೋಕ್ ಜಗ್ಗತಿದ್ನೋ ಏನೋ. ಅನ್ನಾ ಕೊಟ್ಟಿದ್ದನ್ನ ಮುಟ್ಟಿ ಸುಳ್ಳ ಆಣಿ ಮಾಡೇನಿ ನೋಡ್ರಿ."

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಅವರು ಕೊಟ್ಟ ಎಲೆ ಇನ್ನೂ ಬಾಯಲ್ಲಿತ್ತು.

"ವಯಸ್ಸಾತಲ್ರಿ ಚಾಚಾ, ಆಗ್ತೈತಿ" ಎಂದೆ.