ಪಿಳ್ಳಮ್ಮನ ಸಂಚಿಯಲ್ಲೊಂದು ಬೀಜ

ವೈಟ್‌ಫೀಲ್ಡಿನ ಸರ್ವೆ ತೋಪಿನ ಹಿಂದಿದ್ದ ಶಾಲೆಗೆ ಪಿಳ್ಳಮ್ಮ ಆಯಾ. ಗಂಟೆ ಹೊಡೆಯುವುದು, ನೀರು ತುಂಬುವುದು, ಮಂಡಿ ತರಚಿಕೊಂಡು ಬಂದವರಿಗೆ ಅರಿಶಿನ ಮೆತ್ತುವುದು, ಎಲ್ಲವೂ ಅವಳ ತಲೆಗೇ. ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದ ಗಂಡ ಕೆಮ್ಮಿ ಕೆಮ್ಮಿ ಸತ್ತು ಹನ್ನೆರಡು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಊರಿನವರು ಅವಳನ್ನು ಒಳ್ಳೆಯವಳು ಅನ್ನುತ್ತಿದ್ದರು. ಹಾಗಂದು ತಮ್ಮ ಪಾಡಿಗೆ ತಾವು ಮನೆಗೆ ಹೋಗುತ್ತಿದ್ದರು. ಊರಿಗೆ ಅದು ಅಷ್ಟು ಸಲೀಸು.

ಎಂಬತ್ಮೂರರ ಡಿಸೆಂಬರಿನಲ್ಲಿ ಹೆಡ್‌ಮಾಸ್ಟರ್ ಹನುಮಂತಯ್ಯನವರಿಗೆ ಮಕ್ಕಳನ್ನು ಟೂರಿಗೆ ಕರೆದುಕೊಂಡು ಹೋಗುವ ಹುಕಿ ಬಂತು. ಕುಮಟೆಯ ಆಚೆ ಸಮುದ್ರಕ್ಕೆ ಅಂಟಿಕೊಂಡೇ ಕಾಡಿದೆಯಂತೆ, ಅರಣ್ಯ ಇಲಾಖೆಯವರು ಬೇಲಿ ಹಾಕಿ ಕಾಪಾಡಿದ್ದಾರಂತೆ ಎಂದು ಯಾರೋ ಹೇಳಿದ್ದರು. ಕೆರೆಗಿಂತ ದೊಡ್ಡ ನೀರು ನೋಡದ ಮಕ್ಕಳು ವಾರವಿಡೀ ಪಾಠ ಕೇಳಲಿಲ್ಲ.

ಹೊರಡುವ ಸಂಜೆ ತಾಯಂದಿರು ಒಬ್ಬೊಬ್ಬರಾಗಿ ಬಂದು ಮಕ್ಕಳ ಕೈಯನ್ನು ಪಿಳ್ಳಮ್ಮನ ಕೈಯಲ್ಲಿಟ್ಟರು, ಮೇಷ್ಟ್ರ ಕೈಯಲ್ಲಲ್ಲ. "ನಿನ್ ಮಡ್ಲಿಗಾಕಿದೀನಿ ಕಣಕ್ಕ," ಅಂದರು. ಅವಳ ಕಡೆಯವರು ಮಕ್ಕಳನ್ನಾಗಲಿ ಹಸುಕರುಗಳನ್ನಾಗಲಿ ಒಂದು ಎರಡು ಎಂದು ಎಣಿಸುವುದಿಲ್ಲ. ಎಣಿಸಿದರೆ ಕಮ್ಮಿಯಾಗುತ್ತವೆ ಎಂಬ ಭಯ. ಹಾಗಾಗಿ ಪಿಳ್ಳಮ್ಮ ತಾನು ಹಿಡಿದ ಒಂದೊಂದು ಕೈಗೂ ಒಂದೊಂದು ಹುಣಿಸೆ ಬೀಜವನ್ನು ಎಲೆಅಡಿಕೆ ಸಂಚಿಗೆ ಹಾಕಿಕೊಂಡಳು. ಅವಳ ಮನೆಯ ಬೀಗದ ಕೈಯೂ ಅದೇ ಸಂಚಿಯಲ್ಲಿತ್ತು. ಅದನ್ನು ಕೊಟ್ಟು ಬರಲು ಅವಳಿಗೆ ಯಾರೂ ಇರಲಿಲ್ಲ.

ಬಸ್ಸು ಹೊರಡುವ ಹೊತ್ತಿಗೆ ಮುನಿಯಕ್ಕ ಓಡಿಬಂದು, ಮಗಳಿಗೆ ಯಾಕೋ ಮೈ ಬಿಸಿ ಎಂದು ಇಳಿಸಿಕೊಂಡು ಹೋದಳು. ಮೇಷ್ಟ್ರು ಪಟ್ಟಿಯಲ್ಲಿ ಆ ಹೆಸರಿಗೆ ಗೀಟು ಎಳೆದರು. ಪಿಳ್ಳಮ್ಮ ಹಿಂದಿನ ಸೀಟಿನಲ್ಲಿ ಬಗ್ಗಿ ನೀರಿನ ಕೊಳಗಕ್ಕೆ ಹಗ್ಗ ಕಟ್ಟುತ್ತಿದ್ದಳು. ಅವಳಿಗೆ ಇದು ಗೊತ್ತಾಗಲಿಲ್ಲ.

ದಾರಿಯುದ್ದಕ್ಕೂ ಮಕ್ಕಳು ನಿದ್ದೆ ಮಾಡಿದರು. ಬೆಳಗ್ಗೆ ಕಾಡಿನ ಗೇಟಿನಲ್ಲಿ ಇಳಿದಾಗ ಪಿಳ್ಳಮ್ಮನಿಗೆ ಪರಿಚಿತ ಸದ್ದು ಕೇಳಿಸಿತು. ನಮ್ಮೂರ ಸರ್ವೆ ತೋಪಿನ ಗಾಳಿ ಎಂದುಕೊಂಡಳು. ಮರಗಳು ಮುಗಿದ ಕಡೆ ಸಮುದ್ರ ಕಂಡಿತು. ಮಕ್ಕಳು ಕಿರುಚುತ್ತಾ ಓಡಿದರು. ಅವಳು ಚಪ್ಪಲಿಗಳನ್ನು ಕಾಯುತ್ತಾ ಮರಳಿನ ಮೇಲೆ ಕುಳಿತಳು. ಇದನ್ನು ನೋಡಿ ಬಂದೆ ಎಂದು ಊರಿಗೆ ಹೋಗಿ ಯಾರಿಗೆ ಹೇಳುವುದು ಎಂದು ಯೋಚಿಸಿದಳು. ಒಂದು ಹೆಸರೂ ಹೊಳೆಯಲಿಲ್ಲ.

ಸಂಜೆ ಮಕ್ಕಳು ಬಸ್ಸು ಹತ್ತುವಾಗ ಒಬ್ಬೊಬ್ಬರಿಗೂ ಒಂದೊಂದು ಬೀಜವನ್ನು ಸಂಚಿಯ ಒಂದು ಪದರದಿಂದ ಇನ್ನೊಂದಕ್ಕೆ ಸೇರಿಸುತ್ತಾ ಬಂದಳು. ಎಲ್ಲರೂ ಹತ್ತಿದರು. ಒಂದು ಬೀಜ ಉಳಿಯಿತು.

ಅವಳು ಸಂಚಿಯನ್ನು ಕೊಡವಿ ಮತ್ತೊಮ್ಮೆ ನೋಡಿದಳು. ಜೊತೆಗೆ ಬಂದಿದ್ದ ಅನುಸೂಯಮ್ಮ ಟೀಚರಿಗೆ ಹೋಗಿ ಹೇಳಿದಳು: "ಒಂದ್ ಮಗ ಕಮ್ಮಿ ಐತೆ ಮೇಡಂ, ನೋಡ್ಕಂಡ್ ಬತ್ತೀನಿ." ವಾಂತಿ ಮಾಡುತ್ತಿದ್ದ ಹುಡುಗಿಯೊಬ್ಬಳ ತಲೆ ಹಿಡಿದಿದ್ದ ಟೀಚರು ಕೇಳಿಸಿಕೊಳ್ಳದೆಯೇ ಹೂಂ ಅಂದರು. ಪಿಳ್ಳಮ್ಮ ಸೆರಗು ಸಿಕ್ಕಿಸಿಕೊಂಡು ಕಾಡಿನೊಳಕ್ಕೆ ಓಡಿದಳು.

ಯಾವ ಮಗು ಎಂದು ಗೊತ್ತಿದ್ದರೆ ತಾನೇ ಹೆಸರು ಹಿಡಿದು ಕೂಗುವುದು? "ಮಗಾ," ಎಂದು ಕೂಗಿದಳು. "ಎಲ್ಲಿದೀಯೋ ಮಗಾ." ಹೊಟ್ಟೆಯಲ್ಲಿ ಹುಟ್ಟಿದ ಒಂದನ್ನು ಹಾಗೆ ಕೂಗುವ ಭಾಗ್ಯ ಅವಳಿಗೆ ಸಿಕ್ಕಿರಲಿಲ್ಲ. ಈಗ ಗಂಟಲು ಹರಿಯುವಷ್ಟು ಕೂಗಿದಳು. ಮರಳಿನ ಮೇಲೆ ಮಕ್ಕಳ ಹೆಜ್ಜೆಗಳಿದ್ದವು. ಅಲೆಗಳು ಅವನ್ನೂ ಅಳಿಸುತ್ತಿದ್ದವು. ಮಗುವಿನ ತಾಯಿಗೆ ಯಾವ ಮುಖ ತೋರಿಸಲಿ ಎಂದು ಅಳುತ್ತಾ ಗೇಟಿಗೆ ವಾಪಸು ಬಂದರೆ ಬಸ್ಸು ಇರಲಿಲ್ಲ.

ಗೇಟಿನ ಗಾರ್ಡು ಸಮಾಧಾನ ಹೇಳಿದ. ಮೇಷ್ಟ್ರು ಹೆಸರು ಕೂಗಿದ್ದನ್ನು ಅವನೇ ಕೇಳಿದ್ದನಂತೆ, ಎಲ್ಲ ಮಕ್ಕಳೂ ಓಗೊಟ್ಟರಂತೆ. ಅವಳು ಉಳಿದ ಬೀಜವನ್ನು ಅಂಗೈಯಲ್ಲಿಟ್ಟುಕೊಂಡು ಊರಿನಲ್ಲಿ ಹಿಡಿದ ಕೈಗಳನ್ನೆಲ್ಲ ಒಂದೊಂದಾಗಿ ನೆನೆದಳು. ಮುನಿಯಕ್ಕನ ಮಗಳ ಕೈ ಬಂತು. ಆ ಕೈ ಸುಡುತ್ತಿತ್ತು. ಟೂರಿನಲ್ಲಿ ಆ ಮಗುವಿನ ಮುಖವನ್ನೇ ತಾನು ನೋಡಿಲ್ಲ ಎಂಬುದು ಆಗ ತಲೆಗೆ ಹೋಯಿತು. ಯಾವ ಮಗುವೂ ಕಳೆದಿರಲಿಲ್ಲ.

ಪಿಳ್ಳಮ್ಮ ಕಣ್ಣೊರೆಸಿಕೊಂಡು ಕಲ್ಲಿನ ಮೇಲೆ ಕುಳಿತಳು. ಒಂದು ಭಯ ಇಳಿದ ಮೇಲೆ ಇನ್ನೊಂದು ಹತ್ತಿತು. ಈಗ ಕಳೆದಿರುವುದು ತಾನು, ಮತ್ತು ತನ್ನ ಲೆಕ್ಕಕ್ಕೆ ಯಾರ ಸಂಚಿಯಲ್ಲೂ ಬೀಜವಿಲ್ಲ.

ಒಂದು ಗಂಟೆಯಾದ ಮೇಲೆ ಬಸ್ಸು ತಿರುಗಿ ಬಂತು. ಮಕ್ಕಳು ನೀರು ಕೇಳಿದ್ದರಂತೆ. ಕೊಡುವವಳು ಎಲ್ಲಿ ಎಂದು ನೋಡಿದಾಗಲೇ ಗೊತ್ತಾದದ್ದು. ಹನುಮಂತಯ್ಯನವರು ಬೈಯುತ್ತಲೇ ಇಳಿದರು, ಅವಳ ಮುಖ ನೋಡಿ ತಣ್ಣಗಾದರು.

"ಎಲ್ಲಾರ್ ಹೆಸ್ರೂ ಕೂಗ್ದೆ ಕಣಮ್ಮ," ಅಂದರು. "ನಿನ್ ಹೆಸ್ರು ಪಟ್ಟೀಲಿರ್ಲಿಲ್ಲ."

"ಇರ್ಲಿ ಬುಡಿ ಸಾ," ಎಂದು ಅವಳು ಹೋಗಿ ಮಕ್ಕಳಿಗೆ ನೀರು ಕೊಟ್ಟಳು. ಆ ಬೀಜವನ್ನು ಬಿಸಾಡಲಿಲ್ಲ. ಉಳಿದವುಗಳ ಜೊತೆಗೇ ಸೇರಿಸಿದಳು, ತನ್ನ ಲೆಕ್ಕಕ್ಕೆ.

ಮರುದಿನ ಬೆಳಗ್ಗೆ ಶಾಲೆಯ ಅಂಗಳದಲ್ಲಿ ತಾಯಂದಿರು ಕಾದಿದ್ದರು. ಪಿಳ್ಳಮ್ಮ ಒಂದೊಂದು ಕೈಯನ್ನೂ ಅದರದರ ತಾಯಿಯ ಕೈಗೆ ಒಪ್ಪಿಸಿ, ಒಂದೊಂದು ಬೀಜವನ್ನು ಮಣ್ಣಿಗೆ ಎಸೆದಳು. ಸಮುದ್ರದ ಸುದ್ದಿ ಹೇಳುತ್ತಾ ಮಕ್ಕಳು ಮನೆಗಳ ಕಡೆ ಹೋದರು. ಮೇಷ್ಟ್ರೂ ಹೋದರು. ಸಂಚಿಯಲ್ಲಿ ಬೀಗದ ಕೈ ಮತ್ತು ಒಂದು ಬೀಜ ಉಳಿದವು.

ಪಿಳ್ಳಮ್ಮ ಆ ಬೀಜವನ್ನೂ ಎಸೆದು, ತನ್ನ ಬಲಗೈಯನ್ನು ಎಡಗೈಯಿಂದ ತಾನೇ ಹಿಡಿದುಕೊಂಡು ಮನೆಗೆ ನಡೆದಳು.