ಮಾಮಾನ ಗಾಡಿ, ಅಕ್ಕನ ಉಸಿರು

ಸಿಕಂದರಾಬಾದಿನ ಸಿಗ್ನಲ್ಲಿನಲ್ಲಿ ನಾನು ಕೂತಿದ್ದ ಆಟೋದ ಪಕ್ಕ ಒಂದು ಹಳೆಯ ಜೀಪು ಬಾನೆಟ್ಟಿನಿಂದ ಆವಿ ಬಿಡುತ್ತ ನಿಂತಿತ್ತು. ಆ ವಾಸನೆ ನಿಮಗೂ ಗೊತ್ತಿರಬಹುದು. ಹುಣಸೆಹುಳಿಗೆ ಬೆಲ್ಲ ಹಾಕಿ, ಒಲೆಯ ಮೇಲೆ ಮರೆತು, ತಳ ಹಿಡಿಸಿದಂಥ ವಾಸನೆ. ಎಂಜಿನ್ ತಂಪಾಗಿರಲೆಂದು ರೇಡಿಯೇಟರಿಗೆ ಹಾಕುವ ಹಸಿರು ನೀರು ಸುಟ್ಟರೆ ಹೀಗೆ ನಾರುತ್ತದೆ. ಆಟೋದವನು ಮೂಗು ಮುಚ್ಚಿಕೊಂಡ. ನನಗೆ ದಸರೆ ನೆನಪಾಯಿತು.

ಹೊರಟದ್ದು ಅಕ್ಕನ ಮನೆಗೆ. ನಾನಿರುವ ಮಣಿಕೊಂಡದಿಂದ ಅವಳ ಕುಷಾಯಿಗೂಡವೆಂದರೆ ಊರಿನ ಈ ತುದಿಯಿಂದ ಆ ತುದಿ. ತಲುಪುವಷ್ಟರಲ್ಲಿ ಯಾಕೆ ಹೊರಟೆನೆಂಬುದೇ ಮರೆತಿರುತ್ತದೆ. ಆದರೂ ಹೋಗುತ್ತಿರುತ್ತೇನೆ, ಅಕ್ಕ ಕಳಿಸಿಕೊಡುವ ರೀತಿಗಾಗಿ. ಗೇಟಿನ ಬಳಿಯ ತುಳಸಿ ಕುಂಡದ ಪಕ್ಕ ನಿಂತಳೆಂದರೆ ನಾನು ತಿರುವು ದಾಟುವವರೆಗೂ ಒಳಗೆ ಹೋದವಳಲ್ಲ. ಹೋಗುವವರ ಬೆನ್ನಿಗೆ ಬಾಗಿಲು ಹಾಕಬಾರದೆಂದು ಬೀದರಿನಲ್ಲಿ ಅವ್ವ ಕಲಿಸಿದ ರೂಢಿ. ತಲೆ ನರೆತ ಗಂಡಸಿಗೆ ಇಂಥ ಆಸೆ ಯಾಕೆ ಎಂದು ನೀವು ನಗಬಹುದು. ನಗಿ, ನನಗೂ ನಗು ಬರುತ್ತದೆ.

ಅಕ್ಕನಿಗೆ ದಮ್ಮು. ಅವಳ ಗಂಡ, ನಾವೆಲ್ಲ ಮಾಮಾ ಎನ್ನುವವರು, ಆಸ್ಪತ್ರೆಗೆ ಬೇಕೆಂದೇ ಒಂದು ಹಳೆಯ ಡೀಸೆಲ್ ಗಾಡಿ ಇಟ್ಟುಕೊಂಡಿದ್ದರು. ಅದಕ್ಕೂ ದಮ್ಮೇ. ಹೊಗೆಯ ಒಂದು ಪಾಲನ್ನು ತಣಿಸಿ ತಿರುಗಿ ಎಂಜಿನ್ನಿಗೇ ಕಳಿಸುವ ಒಂದು ಭಾಗ ಅದರಲ್ಲಿತ್ತು. ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯುವ ಜಾಲರಿಯೊಂದಿತ್ತು. ಎರಡೂ ಪದೇ ಪದೇ ಕಟ್ಟಿಕೊಂಡು ಗಾಡಿ ನಡುರಸ್ತೆಯಲ್ಲಿ ಎಳೆಯದೆ ನಿಲ್ಲುತ್ತಿತ್ತು. ಗಾಡಿ ರಿಪೇರಿಯ ಮೇಸ್ತ್ರಿಗೂ ಬೇಸರ ಬಂದಿರಬೇಕು.

"ದೋನೋ ನಿಕಾಲ್ ಡಾಲೋ ಸಾಬ್, ಗಾಡಿ ಹವಾ ಹೋ ಜಾತಿ" ಎಂದ. ಎರಡನ್ನೂ ಕಿತ್ತರೆ ಗಾಡಿ ಗಾಳಿಯಂತೆ ಓಡುತ್ತದಂತೆ.

ಅದು ಕಾನೂನಿಗೆ ಒಪ್ಪುವ ಕೆಲಸವಲ್ಲ ಎಂದು ನಾನಂದೆ. ಮಾಮಾ ಸಿಡುಕಿದರು: "ಕಾನೂನಿಗೆ ದಮ್ಮು ಇರ್ತೈತೇನಪಾ? ಅಕಿಗೆ ಉಸುರು ಕಟ್ಟಿದಾಗ ಗಾಡಿ ಕೈ ಕೊಟ್ರ ನಾ ಏನ್ ಮಾಡ್ಲಿ?"

ಮೇಸ್ತ್ರಿ ಎರಡನ್ನೂ ಕಿತ್ತ. ಹೊಗೆ ತಣಿಸುವ ಭಾಗಕ್ಕೆ ಆ ಹಸಿರು ನೀರು ಒಯ್ಯುತ್ತಿದ್ದ ರಬ್ಬರ್ ಪೈಪುಗಳೆರಡನ್ನು ಒಂದಕ್ಕೊಂದು ಜೋಡಿಸಿ, ಕೆಂಡದಂತೆ ಕಾಯುವ ಹೊಗೆಕೊಳವೆಗೆ ತಗುಲದ ಹಾಗೆ ತಂತಿಯಿಂದ ಮೇಲೆತ್ತಿ ಕಟ್ಟಿದ.

ಗಾಡಿ ನಿಜಕ್ಕೂ ಗಾಳಿಯಾಯಿತು. ಆದರೆ ಚಾಲೂ ಮಾಡಿದೊಡನೆ ಅಂಗಳ ತುಂಬ ಕರಿ ಹೊಗೆ. ಅಕ್ಕ ತುಳಸಿ ಕುಂಡವನ್ನು ಹಿತ್ತಿಲಿಗೆ ಒಯ್ದಳು. ಮಾಮಾ ನನ್ನನ್ನು ಮೆಟ್ರೋ ಸ್ಟೇಷನ್ನಿಗೆ ಬಿಡಲು ಕೀಲಿ ತಿರುಗಿಸುವ ಮೊದಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ನನ್ನ ಬೆನ್ನಿಗೆ ಬಾಗಿಲು! ಕಾರಣ ಗೊತ್ತಿದ್ದೂ ನನಗೆ ನೋವಾಗುತ್ತಿತ್ತು. ಹೆಂಡತಿಯನ್ನು ಉಳಿಸಲೆಂದೇ ಮಾಡಿಸಿದ್ದನ್ನು ಹೆಂಡತಿ ಹೇಗೆ ಬೇಡವೆಂದಾಳು?

ಆ ದಸರೆಗೆ ಮೂವರೂ ಬೀದರಿಗೆ ಹೊರಟೆವು. ಹಿಂದಿನ ದಿನ ಮಾಮಾ ಆಯುಧ ಪೂಜೆಗೆಂದು ಎಂಜಿನ್ನನ್ನು ಮದುಮಗನಂತೆ ಮೀಯಿಸಿದ್ದರು. ಕುಂಕುಮ ಹಚ್ಚುವ ಜಾಗದಲ್ಲಿ ತುಕ್ಕು ತಂತಿ ಇರಬಾರದೆಂದು ಅದನ್ನು ಬಿಚ್ಚಿ, ಪೈಪನ್ನು ಅರಿಸಿನ ಹಚ್ಚಿದ ದಾರದಿಂದ ಕಟ್ಟಿದ್ದರು. ಭಕ್ತಿಗೆ ಬಿಸಿಯ ಲೆಕ್ಕ ಎಲ್ಲಿಂದ ಬರಬೇಕು? ಸದಾಶಿವಪೇಟೆ ದಾಟಿದ ಮೇಲೆ ದಾರ ಸುಟ್ಟಿತು, ಪೈಪು ಕೊಳವೆಯ ಮೇಲೆ ಬಿದ್ದು ಕರಗಿತು, ಬಾನೆಟ್ಟಿನಿಂದ ಅದೇ ಬೆಲ್ಲದ ವಾಸನೆಯ ಆವಿ ಎದ್ದಿತು.

ಹಬ್ಬದ ದಿನ ಮೇಸ್ತ್ರಿ ಎಲ್ಲಿ ಸಿಗಬೇಕು? ನನ್ನ ಕೈಯಲ್ಲಿ ನೀರಿನ ಬಾಟಲಿ. ಎಂಜಿನ್ನಿನ ವಿಷಯದಲ್ಲಿ ನನ್ನ ಯೋಗ್ಯತೆ ಅಷ್ಟೇ. ಅಕ್ಕ ಬೇವಿನ ಮರದ ಕೆಳಗೆ ಕುಳಿತಳು. ಸಂಜೆಯಾಯಿತು. ಮಾಮಾ ಬೀದರಿನಲ್ಲಿರುವ ತಮ್ಮ ಅಣ್ಣನಿಗೆಂದು ಜೇಬಿನಲ್ಲಿಟ್ಟಿದ್ದ ಬನ್ನಿ ಎಲೆ ತೆಗೆದು, ಸೋತ ಮುಖದಲ್ಲೇ ಅವಳ ಮುಂದೆ ಹಿಡಿದರು. "ತೊಗೋ. ಬನ್ನಿ ತೊಗೊಂಡು ಬಂಗಾರದಂಗ ಇರೋಣು."

ಅಕ್ಕ ಎಲೆಯನ್ನು ಕಣ್ಣಿಗೊತ್ತಿಕೊಂಡಳು. "ಬಂಗಾರ ಬ್ಯಾಡ್ರಿ ನನಗ. ಗಾಡಿ ನಿಂತ ಮ್ಯಾಲ ನೋಡ್ರಿ, ಉಸುರು ಎಷ್ಟು ಹಗರ ಆಗೈತಿ. ತಗಸಿದ್ದನ್ನ ತಿರುಗಿ ಹಾಕಸ್ರಿ. ನಿಂತ್ರ ನಿಲ್ಲಲಿ, ಆಟೋದಾಗ ಹೋಗೋಣಂತ."

ಮಾಮಾ ಬಾನೆಟ್ಟನ್ನು ಎಳೆದು ಮುಚ್ಚಿದರು. "ಮೊದ್ಲ ಹೇಳಬಾರದೇನ?" ಎಂದಷ್ಟೇ ಕೇಳಿದರು. ಹಬ್ಬ ಮುಗಿದ ಮೇಲೆ ಎರಡನ್ನೂ ತಿರುಗಿ ಹಾಕಿಸಿದರು. ತುಳಸಿ ಕುಂಡವೂ ಗೇಟಿನ ಬಳಿಗೆ ಮರಳಿತು.

ಇವತ್ತು ಅಕ್ಕನ ಮನೆಯಲ್ಲಿ ಊಟವಾದ ಮೇಲೆ ಮಾಮಾ ಎಂದಿನಂತೆ ಕೀಲಿ ತೆಗೆದುಕೊಂಡರು. ಗಾಡಿ ಕೆಮ್ಮಿತು, ಎಳೆಯಲೊಲ್ಲದೆ ತೆವಳಿತು. ಹಿಂದಿನವರು ಹಾರ್ನ್ ಹೊಡೆದು ತೆಲುಗಿನಲ್ಲಿ ಬೈದರು. "ಮತ್ತ ಕಟ್ಟಿಕೊಂಡೈತಿ ನೋಡು" ಎಂದು ಮಾಮಾ ನಿಟ್ಟುಸಿರಿಟ್ಟರು. ದಣಿದ ನನಗೆ ಇಂಥ ಹೊತ್ತಿನಲ್ಲಿ ಸಿಟ್ಟು ಬರಬೇಕು, ಬರಲಿಲ್ಲ. ಕಿಟಕಿಯ ಗಾಜು ಪೂರ್ತಿ ಇಳಿಸಿ ಹಿಂದಕ್ಕೆ ನೋಡಿದೆ. ಗೇಟಿನ ಬಳಿ, ತುಳಸಿ ಕುಂಡದ ಪಕ್ಕ, ಬಾಯಿಗೆ ಸೆರಗಿಲ್ಲದೆ ಅಕ್ಕ ನಿಂತಿದ್ದಳು.

"ಮೆಲ್ಲಗ ಹೋಗ್ಲಿ ಬಿಡ್ರಿ ಮಾಮಾ" ಎಂದೆ. "ತಿರುವು ಇನ್ನೂ ದೂರ ಐತಿ."