ರಮಾಬಾಯಿಗೆ ಕಂಡ ಉರಿ

ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಮೇಲೆ ಉಪೇಂದ್ರರಾಯರಿಗೆ ಆಟಿಕೆಯಂಥ ಉಗಿಯಂತ್ರಗಳನ್ನು ಮಾಡುವ ಹುಚ್ಚು ಹತ್ತಿತು. ಕಾಫಿ ಲೋಟದ ಗಾತ್ರದ ತಾಮ್ರದ ಬಾಯ್ಲರು, ಅದರ ಉಗಿಗೆ ತಿರುಗುವ ಒಂದು ಪುಟ್ಟ ಚಕ್ರ. ಸಂಜೆ ಹೆಂಡತಿ ರಮಾಬಾಯಿ ಹಿಂದಿನ ವರಾಂಡದಲ್ಲಿ ಜೊತೆಗೆ ಕೂರುತ್ತಿದ್ದರು. ಅಷ್ಟರಲ್ಲಾಗಲೇ ಆಕೆಯ ಕಣ್ಣು ಮಂಜಾಗುತ್ತ ಬಂದಿತ್ತು. ಹೋದ ದೃಷ್ಟಿ ಔಷಧಿಗೆ ಮರಳುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಜಗತ್ತು ಆಕೆಗೆ ನೀರಿನಡಿ ಇಟ್ಟ ಚಿತ್ರದಂತೆ ಅಲುಗುತ್ತಿತ್ತು.

ಬಾಯ್ಲರಿನಡಿ ರಾಯರು ಮೊದಲು ಹಾಕಿದ್ದು ಸೀಳು ಕೊರೆದ ಹಿತ್ತಾಳೆ ಕೊಳವೆಯ ಬರ್ನರು. ಗ್ಯಾಸಿನ ನೀಲಿ ಜ್ವಾಲೆಗೆ ನೀರು ಬೇಗ ಕುದಿಯುತ್ತಿತ್ತು, ಕೊರತೆಯೇನೂ ಇರಲಿಲ್ಲ. ಚಕ್ರ ಟಿಕ್ ಟಿಕ್ ಎಂದಾಗ ರಮಾಬಾಯಿ ನಗುತ್ತಿದ್ದರು. ಒಂದು ಸಂಜೆ ಮೆಲ್ಲಗೆ ಕೇಳಿದರು:

“ಏನೂಂದ್ರೆ, ಶಬ್ದ ಕೇಳಿಸ್ತದೆ. ಬೆಂಕಿ ಎಲ್ಲಿದೆ?”

ರಾಯರು ಬರ್ನರಿನತ್ತ ನೋಡಿದರು. ಆ ತೆಳು ನೀಲಿ ಆಕೆಯ ಪಾಲಿಗೆ ಯಾವಾಗಲೋ ಹೊರಟುಹೋಗಿತ್ತು.

ಮರುದಿನವೇ ಕೊಳವೆ ತೆಗೆದು ಸಣ್ಣ ತಂತಿಯ ಸ್ಟೀಲ್ ಜಾಲರಿ ಮಡಿಸಿ ಕೂರಿಸಿದರು. ಅದು ಕಾದು ಕೆಂಪಾಯಿತು. ರಮಾಬಾಯಿ ಮುಂದೆ ಬಾಗಿ, ಅಲ್ಲೇನೋ ಕೆಂಪಗಿದೆ ಎಂದರು. ಆದರೆ ಅಷ್ಟು ಸಣ್ಣ ತಂತಿ ಎಷ್ಟು ದಿನ ತಾಳೀತು? ಕಪ್ಪಾಗಿ, ಕುಸಿದು, ಹಪ್ಪಳದಂತೆ ಪುಡಿಯಾಯಿತು. ದಪ್ಪ ತಂತಿಯದು ಬಾಳಿಕೆ ಬಂತು, ಆದರೆ ಕೆಂಪೇರಲಿಲ್ಲ.

ಶುಕ್ರವಾರದ ಪಲ್ಲಾವರಂ ಸಂತೆಯಲ್ಲಿ ಹಳೆಯ ಗ್ಯಾಸ್ ಒಲೆಯೊಂದು ಸಿಕ್ಕಿತು. ಅದರ ಬರ್ನರಿನ ಮೇಲೆ ಜೇನುಗೂಡಿನಂತೆ ತೂತುಗಳಿದ್ದ ಬಿಳಿ ಪಿಂಗಾಣಿ ಬಿಲ್ಲೆ. ಮನೆಗೆ ತಂದು ಗರಗಸದಿಂದ ಕೊಯ್ದರು. ಮೊದಲ ತುಂಡು ಕೈಯಲ್ಲೇ ಮುರಿಯಿತು. ಎರಡನೆಯದನ್ನು ಎಳೆಮಗುವಿನ ಉಗುರು ತೆಗೆಯುವಷ್ಟು ಜೋಪಾನವಾಗಿ ಉಜ್ಜಿ ಕೂರಿಸಿದರು.

ಹೊತ್ತಿಸಿದಾಗ ಸದ್ದೇ ಇಲ್ಲ. ಬಿಲ್ಲೆ ಸ್ವಲ್ಪ ಹೊತ್ತು ಬೆಳ್ಳಗೇ ಇತ್ತು, ಆಮೇಲೆ ಒಳಗಿನಿಂದ ಹಣ್ಣಾಗುತ್ತ ಬಂದಂತೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ನೀರು ಕಾಯಲು ಮೊದಲಿಗಿಂತ ತಡವಾಯಿತು, ಇಬ್ಬರಿಗೂ ಅವಸರವಿರಲಿಲ್ಲ. ಎಣ್ಣೂರಿನ ಕಡೆಯಿಂದ ಕಡಲ ಗಾಳಿ ಬೀಸುತ್ತಿತ್ತು. ಬಹಳ ದಿನಗಳ ಮೇಲೆ ರಮಾಬಾಯಿಯ ನೋಟ ಒಂದೇ ಕಡೆ ನಿಂತಿತ್ತು.

ರಾಯರು ಗ್ಯಾಸ್ ನಿಲ್ಲಿಸಲು ಕೈ ಚಾಚಿದಾಗ ಆಕೆ, “ಕೊಂಜ ಇರಲಿ, ಇನ್ನೂ ಸ್ವಲ್ಪ ಹೊತ್ತು,” ಎಂದರು. ಆಮೇಲೆ ಬೆರಳು ತೋರಿಸಿ, “ಆ ಎಡಗಡೆ ಮೂಲೆ ಯಾಕೆ ಕಪ್ಪಗಿದೆ?”

ರಾಯರು ಬಗ್ಗಿ ನೋಡಿದರು. ಹೌದು, ಕೊಯ್ದ ಪುಡಿ ಸಿಕ್ಕಿಕೊಂಡು ನಾಲ್ಕಾರು ತೂತು ಮುಚ್ಚಿಹೋಗಿದ್ದವು. ಅವರ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಉರಿ ಆರಿಸಿ, ಬಿಲ್ಲೆ ತಣಿದ ಮೇಲೆ ಸೂಜಿ ತಂದು ಒಂದೊಂದೇ ತೂತು ಬಿಡಿಸತೊಡಗಿದರು. ರಮಾಬಾಯಿ ಸೆರಗು ಸರಿಮಾಡಿಕೊಂಡು, ಮತ್ತೆ ಹೊತ್ತಿಸುವುದನ್ನು ಕಾಯುತ್ತ ಕುಳಿತರು.